ಹಳೇ ಗೋಲ್ಡ್ ವಿಂಗ್ ಚೆನ್ನಾಗೇ ಓಡ್ತಿದೆ, ಹೊಸ ಡಿಸೈನಿನದ್ದಕ್ಕೆ ಹೋಗ್ಬೇಕಾ?

ನೀವು ಕೇಳಿರೋದು ಇಷ್ಟು: 2012ರ ಹೋಂಡಾ ಗೋಲ್ಡ್ ವಿಂಗ್ ಬೈಕ್ ಇದೆ, ಇಂಜಿನ್ ಒಂಚೂರೂ ತಕರಾರು ಮಾಡ್ತಿಲ್ಲ, ಆದ್ರೆ 2018ರಲ್ಲಿ ಪೂರ್ತಿ ಬದಲಾಯ್ಸಿದ್ರಲ್ಲ ಆ ಡಿಸೈನಿನ ಗೋಲ್ಡ್ ವಿಂಗ್ ಟೂರ್ ಡಿಸಿಟಿಯನ್ನ (ಡಿಸಿಟಿ ಅಂದ್ರೆ ಕ್ಲಚ್ ಹಿಡೀದೇ ಗೇರ್ ತಾನೇ ಬದಲಾಗೋದು) ಶೋರೂಮಿಂದ ಒಂದು ಸಣ್ಣ ರೌಂಡ್ ಹೊಡ್ಕೊಂಡು ಬಂದ್ಮೇಲೆ ನಿದ್ದೆ ಬರ್ತಿಲ್ಲ, ಟ್ರಿಪ್ಪಿಗೆ ಯಾವಾಗ್ಲೂ ಮನೆಯವ್ರೂ ಜೊತೆಗೆ ಬರ್ತಾರೆ, ವಯಸ್ಸು ಅರವತ್ತರ ಹತ್ರ, ಬದಲಾಯಿಸ್ಲಾ ಬೇಡ್ವಾ, ಬದಲಾಯ್ಸೋದಾದ್ರೆ ಗೇರಿಂದಾ ಡಿಸಿಟಿನಾ ಅಂತ. ನಾನೂ ಹಳೇ 1800 ಸಿಸಿ ಗೋಲ್ಡ್ ವಿಂಗನ್ನ ವರ್ಷಗಟ್ಲೆ ಓಡ್ಸಿ ಆಮೇಲೆ ಹೊಸ ಟೂರ್ ಡಿಸಿಟಿಗೆ ಬಂದೋನು, ಎರಡೂ ಗೊತ್ತು ಅನ್ನೋ ಧೈರ್ಯದಲ್ಲಿ ಬರೀತಿದೀನಿ.

ನೇರವಾಗಿ ಹೇಳ್ಬಿಡ್ತೀನಿ. ಇದು ಅಪ್‌ಗ್ರೇಡ್ ಅಲ್ಲ, ಬೇರೆ ಬೈಕು. ಹೆಸರು ಒಂದೇ ಇರೋದ್ರಿಂದ ನಮ್ಗೆ ಮುಂದಿನ ಮೆಟ್ಟಿಲು ಅನ್ಸುತ್ತೆ ಅಷ್ಟೆ. ಎಲ್ರೂ ಹೊಸದ್ರಲ್ಲಿ ಏನೇನು ಸೇರ್ಸಿದಾರೆ ಅಂತ ಲಿಸ್ಟ್ ನೋಡ್ತಾ ಕೂರ್ತಾರೆ, ನೀವು ಏನೇನು ತೆಗೆದಿದಾರೆ ಅಂತ ನೋಡಿ. ತೆಗೆದಿರೋದ್ರಲ್ಲಿ ನಿಮ್ಗೆ ಬೇಕಾಗಿದ್ದು ಏನಾದ್ರೂ ಇದ್ರೆ, ಸೇರ್ಸಿರೋದು ಎಷ್ಟು ಚೆನ್ನಾಗಿದ್ರೂ ಆರು ತಿಂಗಳಿಗೆ ಕೊರಗು ಶುರು ಆಗುತ್ತೆ.

ಏನು ತೆಗೆದ್ರು? ಟ್ಯಾಂಕು 25 ಲೀಟರಿಂದ 21ಕ್ಕೆ ಇಳೀತು. ಲಗೇಜ್ ಜಾಗ ಹಳೇದ್ರಲ್ಲಿ 150 ಲೀಟರಿಗೂ ಮೇಲಿತ್ತು, 2018ರ ಟೂರ್‌ನಲ್ಲಿ ಎಲ್ಲಾ ಸೇರ್ಸಿ 110, ಅಂದ್ರೆ ಪಕ್ಕದ ಬಾಕ್ಸ್ ತಲಾ 30, ಹಿಂದಿನ ಟ್ರಂಕ್ 50. ಮುಂದಿನ ಫೇರಿಂಗ್, ಅಂದ್ರೆ ಗಾಳಿ ತಡೆಯೋ ಹೊದಿಕೆ, ಕಿರಿದಾಯ್ತು. ತೂಕ 413 ಕೆಜಿ ಆಸುಪಾಸಿಂದ 379ಕ್ಕೆ ಬಂತು (ಡಿಸಿಟಿ, ಏರ್‌ಬ್ಯಾಗ್ ಇರೋದು 383), ಟ್ರಂಕ್ ಇಲ್ಲದ ಬರೀ ಗೋಲ್ಡ್ ವಿಂಗ್ ಆದ್ರೆ ಸುಮಾರು 365. 1975ರಲ್ಲಿ ಜಿಎಲ್ 1000 ಅಂತ ಶುರುವಾದಾಗ ಈ ಬೈಕಿಗೆ ಫೇರಿಂಗೂ ಇರ್ಲಿಲ್ಲ ಬಾಕ್ಸೂ ಇರ್ಲಿಲ್ಲ, ಜನ ತಾವೇ ಹಾಕಿಸ್ಕೊಳ್ಳೋರು, ಆಮೇಲೆ 1100, 1200, 1988ರಲ್ಲಿ ಆರು ಸಿಲಿಂಡರಿನ 1500, 2001ರಲ್ಲಿ 1800, ಪ್ರತಿ ಸಲಾನೂ ಸಿಸಿ ಏರ್ತಾನೇ ಬಂತು. 2018ರಲ್ಲಿ ಮಾತ್ರ ಇಂಜಿನ್ 1832 ಇದ್ದಿದ್ದು 1833 ಸಿಸಿ, ಅಂದ್ರೆ ಅಲ್ಲೇ ನಿಲ್ಸಿ ಬೈಕನ್ನ ಕರಗ್ಸಿದ್ರು. ಯಾಕೆ ಅಂದ್ರೆ ಹಳೇ ಗಿರಾಕಿಗಳನ್ನ ಮಾತ್ರ ನಂಬ್ಕೊಂಡಿದ್ರೆ ಆಗಲ್ಲ, ಒಬ್ರೇ ಓಡ್ಸೋರು, ತಿರುವು ಇಷ್ಟಪಡೋರು, ಸ್ವಲ್ಪ ಚಿಕ್ಕ ವಯಸ್ಸಿನೋರೂ ಬರ್ಲಿ ಅಂತ. ನೀವು ಆ ಹೊಸ ಗಿರಾಕಿನಾ ಹಳೇ ಗಿರಾಕಿನಾ ಅನ್ನೋದೇ ಪ್ರಶ್ನೆ.

ಕರಗ್ಸಿದ್ದು ಹೇಗೆ ಅಂತ ಒಂಚೂರು ಹೇಳ್ತೀನಿ, ಇದು ನಂಗೆ ಇಷ್ಟವಾದ ವಿಷಯ, ಬೋರ್ ಆದ್ರೆ ಮುಂದಕ್ಕೆ ಹೋಗಿ. ಎಲ್ಲಾ ಶುರುವಾಗೋದು ಮುಂದಿನ ಸಸ್ಪೆನ್ಶನ್ನಿಂದ. ನಿಮ್ಮ ಬೈಕಲ್ಲಿರೋದು ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್, ಓರೆಯಾಗಿ ಕೂತಿರುತ್ತೆ, ಹಾಗಾಗಿ ಗುಂಡಿಗೆ ಬಿದ್ದಾಗ ಚಕ್ರ ಮೇಲಕ್ಕೆ ಮಾತ್ರ ಅಲ್ಲ, ಹಿಂದಕ್ಕೂ ಅಂದ್ರೆ ಇಂಜಿನ್ ಕಡೆಗೂ ಸರಿಯುತ್ತೆ, ಅದು ತಗುಲದೇ ಇರೋ ಹಾಗೆ ಇಂಜಿನ್ನನ್ನ ಹಿಂದಕ್ಕಿಡ್ಬೇಕು, ಇಂಜಿನ್ ಹಿಂದಕ್ಕೆ ಹೋದ್ರೆ ಓಡ್ಸೋರೂ ಹಿಂದಕ್ಕೆ, ಹಿಂದೆ ಕೂರೋರು ಇನ್ನೂ ಹಿಂದಕ್ಕೆ, ಎಲ್ರನ್ನೂ ಗಾಳಿಯಿಂದ ಮುಚ್ಚೋಕೆ ಫೇರಿಂಗ್ ದೊಡ್ಡದು. ಹೊಸದ್ರಲ್ಲಿ ಡಬಲ್ ವಿಶ್‌ಬೋನ್ ಹಾಕಿದಾರೆ, ಕಾರಲ್ಲಿರುತ್ತಲ್ಲ ಆ ಥರ ಮೇಲೊಂದು ಕೆಳಗೊಂದು ತೋಳು, ಚಕ್ರ ಹೆಚ್ಚುಕಮ್ಮಿ ನೆಟ್ಟಗೆ ಮೇಲೆ ಕೆಳಗೆ ಹೋಗುತ್ತೆ. ಹಾಗಾಗಿ ಇಂಜಿನ್ ಮುಂದಕ್ಕೆ ಬಂತು, ಇಂಜಿನ್ನೇ ಆರು ಕೆಜಿಗೂ ಜಾಸ್ತಿ ಹಗುರ ಆಯ್ತು, ಇಬ್ರೂ ಮುಂದಕ್ಕೆ ಸರಿದ್ರು, ಫೇರಿಂಗ್ ಚಿಕ್ಕದಾಯ್ತು. ಹ್ಯಾಂಡಲ್ಲು ಸಸ್ಪೆನ್ಶನ್ನಿಗೆ ನೇರವಾಗಿ ಅಂಟ್ಕೊಂಡಿಲ್ಲ, ನಡುವೆ ರಾಡ್‌ಗಳಿವೆ, ಅದ್ರಿಂದ ಚಕ್ರ ಗುಂಡಿಲಿ ಕುಣಿದ್ರೂ ಕೈಗೆ ಅಷ್ಟು ಹೊಡೆತ ಬರಲ್ಲ, ಬ್ರೇಕ್ ಹಿಡಿದಾಗ ಮೂತಿ ಅಷ್ಟು ಮುಗ್ಗರಿಸಲ್ಲ. (ಬಿಎಂಡಬ್ಲ್ಯೂ ಕೆ 1600 ಬೈಕಿನ ಡ್ಯುಯೊಲಿವರ್ ಅನ್ನೋ ಮುಂದಿನ ಸಸ್ಪೆನ್ಶನ್ ಕೂಡ ಇದೇ ಜಾತಿ, ಹಾಗಾಗಿ ಪ್ರಪಂಚದಲ್ಲೇ ಮೊದಲು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.)

ಆ ಶೋರೂಮ್ ರೌಂಡಲ್ಲಿ ನಿಮ್ಗೆ ತಲೆ ಕೆಡ್ಸಿದ್ದು ಇದೇ ಇರ್ಬೇಕು. ಅದು ನಿಜಾನೇ, ಸುಳ್ಳಲ್ಲ. ಆದ್ರೆ ಒಂದು ವಿಷಯ ಯೋಚ್ನೆ ಮಾಡಿ, ನೀವು ಹೋಲ್ಸಿದ್ದು ಹೊಸ ಟೈರು, ಹೊಸ ಸಸ್ಪೆನ್ಶನ್ ಇರೋ ಬೈಕನ್ನ, ವರ್ಷಗಟ್ಲೆ ಭಾರ ಹೊತ್ತು ಸುಸ್ತಾಗಿರೋ ನಿಮ್ಮ ಬೈಕಿನ ಜೊತೆ. ಹಿಂದಿನ ಶಾಕ್ ಅಬ್ಸಾರ್ಬರ್ ನಿಧಾನಕ್ಕೆ ಸಾಯುತ್ತೆ, ದಿನಾ ಓಡ್ಸೋರಿಗೆ ಗೊತ್ತೇ ಆಗಲ್ಲ. ಫೋರ್ಕ್ ಆಯಿಲ್ ಯಾವಾಗ ಬದಲಾಯ್ಸಿದ್ದು ನೆನಪಿದ್ಯಾ? ಸ್ಟೀರಿಂಗ್ ಹೆಡ್ ಬೇರಿಂಗ್ ಯಾರಾದ್ರೂ ಮುಟ್ಟಿದಾರಾ? ಮೊದ್ಲು ನಿಮ್ಮ ಬೈಕಿಗೆ ಒಳ್ಳೇ ಫೋರ್ಕ್ ಸ್ಪ್ರಿಂಗ್, ಆಯಿಲ್, ಹಿಂದಿನ ಶಾಕ್, ಬೇರಿಂಗ್, ಟೈರು ಇಷ್ಟನ್ನ ಮಾಡ್ಸಿ ಒಂದು ತಿಂಗಳು ಓಡ್ಸಿ ನೋಡಿ, ಹೊಸ ಬೈಕಿನ ಖರ್ಚಿನ ಮುಂದೆ ಅದು ಏನೇನೂ ಅಲ್ಲ. ಅರ್ಧ ಆಸೆ ಅಲ್ಲೇ ಕರಗಿದ್ರೆ ಉತ್ತರ ಸಿಕ್ತು. ಕರಗ್ಲಿಲ್ಲ ಅಂದ್ರೆ ಆಗ ನಿಜವಾಗ್ಲೂ ನಿಮ್ಗೆ ಹೊಸ ಡಿಸೈನೇ ಬೇಕು ಅಂತ ಲೆಕ್ಕ, ಮಾರುವಾಗ್ಲೂ ಹಳೇದಕ್ಕೆ ಒಳ್ಳೇ ಮರ್ಯಾದೆ ಸಿಗುತ್ತೆ.

ಟ್ಯಾಂಕಿನ ಬಗ್ಗೆ ಜನ ಗಲಾಟೆ ಮಾಡ್ತಾರೆ, ನಾನು ಅಷ್ಟು ತಲೆಕೆಡಿಸ್ಕೊಳ್ಳಲ್ಲ. ನನ್ನ ಕೈಯಲ್ಲಿ ಹಳೇದು ಲೀಟರಿಗೆ 15-16 ಕೊಡ್ತಿತ್ತು, ಹೊಸದು 17-18 ಕೊಡುತ್ತೆ, ಗುಣಾಕಾರ ಮಾಡಿದ್ರೆ ತುಂಬಿದ ಟ್ಯಾಂಕಿಗೆ ಹೆಚ್ಚುಕಮ್ಮಿ ಅಷ್ಟೇ ದೂರ. ಇಬ್ರು ಕೂತು ಜೋರಾಗಿ ಹೋದ್ರೆ ಎರಡೂ ಕಮ್ಮಿ ಆಗುತ್ತೆ. ಅದಕ್ಕಿಂತ ಮೊದ್ಲೇ ಬೆನ್ನು ಬೇಡ ಅನ್ನುತ್ತೆ ಬಿಡಿ.

ಲಗೇಜ್ ಮಾತ್ರ ನಿಜವಾದ ವಿಷಯ. ಹಳೇ ಟ್ರಂಕಲ್ಲಿ ಎರಡು ಫುಲ್ ಫೇಸ್ ಹೆಲ್ಮೆಟ್ ಆರಾಮಾಗಿ ಹೋಗಿ ಮೇಲೆ ಇನ್ನೊಂದಿಷ್ಟು ತುರುಕ್ಬೋದಿತ್ತು. 2018ರದ್ರಲ್ಲಿ ಎರಡು ಹೆಲ್ಮೆಟ್ ಕೂರುತ್ತೆ ಅಂತ ಹೇಳೋದು ಹೇಳ್ತಾರೆ, ದೊಡ್ಡ ಸೈಜಿನ ಹೆಲ್ಮೆಟ್ ಆದ್ರೆ, ಅದರಲ್ಲೂ ಹೊರಗೆ ಹೆಡ್‌ಸೆಟ್ ಅಂಟ್ಸಿದ್ರೆ ಕುಸ್ತಿ ಮಾಡ್ಬೇಕು. ಪಕ್ಕದ ಬಾಕ್ಸ್ ನೋಡೋಕೆ ಚೆಂದ, ಬಟನ್ ಒತ್ತಿದ್ರೆ ಮೆಲ್ಲಗೆ ಬಾಗಿಲು ತೆರ್ಕೊಳ್ಳುತ್ತೆ, ಒಳಗೆ ಜಾಗ ಕಮ್ಮಿ. ಮನೆಲಿರೋ ರಟ್ಟಿನ ಡಬ್ಬಗಳನ್ನೇ ಆ ಅಳತೆಗೆ ಕತ್ತರಿಸಿ, ನಿಮ್ಮಿಬ್ರ ಮಾಮೂಲಿ ಸಾಮಾನು ಅದ್ರೊಳಗೆ ಹಿಡಿಯುತ್ತಾ ನೋಡಿ, ತಮಾಷೆ ಅಲ್ಲ, ನಾವು ಹಾಗೇ ಮಾಡಿದ್ದು. ಹಿಡೀಲಿಲ್ಲ ಅಂದ್ರೆ ಟ್ರಂಕ್ ಮೇಲೆ ರ್‍ಯಾಕ್ ಹಾಕಿ ಬ್ಯಾಗ್ ಕಟ್ಬೇಕು, ಅಲ್ಲಿಗೆ ಇಳಿಸಿದ ತೂಕ ಮತ್ತೆ ಮೇಲಕ್ಕೇರ್ತು, ಅದೂ ಎತ್ತರದಲ್ಲಿ.

ಇನ್ನು ಹಿಂದೆ ಕೂರೋರು. ಹಳೇ ಗೋಲ್ಡ್ ವಿಂಗಿನ ಹಿಂದಿನ ಸೀಟು ಅಂದ್ರೆ ಸೋಫಾ, ಅದಕ್ಕೆ ಪೈಪೋಟಿನೇ ಇಲ್ಲ. 2018ರಿಂದ 2020ರವರೆಗಿನ ಟೂರ್‌ನಲ್ಲಿ ಹಿಂದಿನ ಬ್ಯಾಕ್‌ರೆಸ್ಟ್ ನೆಟ್ಟಗೆ ನಿಂತಿತ್ತು, ನಮ್ಮನೆಯವ್ರು ಮೊದ್ಲು ಕೂತಾಗ ಪರೀಕ್ಷೆಗೆ ಕೂತ ಹಾಗಿದೆ ಅಂದಿದ್ರು. ಇದು ನಮ್ಮೊಬ್ರ ದೂರಲ್ಲ, ಅದಕ್ಕೇ 2021ರಲ್ಲಿ ಬ್ಯಾಕ್‌ರೆಸ್ಟ್ ಹಿಂದಕ್ಕೆ ಒರಗ್ಸಿದ್ರು, ಕುಶನ್ ದಪ್ಪ ಮಾಡಿದ್ರು, ಟ್ರಂಕನ್ನ 50ರಿಂದ 61 ಲೀಟರಿಗೆ ಏರ್ಸಿದ್ರು, ಸ್ಪೀಕರೂ ಉತ್ತಮ ಆಯ್ತು. ನೀವಿಬ್ರೇ ಹೋಗೋರು ಅಂತಿದೀರಿ, ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡಿದ್ರೂ ಸರಿ 2021 ಅಥವಾ ಆಮೇಲಿಂದೇ ನೋಡಿ, 2018ರದ್ದು ಕಮ್ಮಿಗೆ ಸಿಗ್ತಿದೆ ಅಂತ ಹೋಗ್ಬೇಡಿ. ಮತ್ತೆ ಟೆಸ್ಟ್ ರೈಡಿಗೆ ಅವ್ರನ್ನ ಕೂರಿಸ್ಕೊಂಡು ಹೋಗದೇ ಟೋಕನ್ ಅಡ್ವಾನ್ಸ್ ಕೂಡ ಕೊಡ್ಬೇಡಿ. ಹತ್ತು ನಿಮಿಷದ ರೌಂಡ್ ಸಾಲದು, ಎಲ್ಲಾದ್ರೂ ಬಾಡಿಗೆಗೆ ಸಿಕ್ರೆ ಒಂದಿಡೀ ದಿನ ಇಬ್ರೂ ಹೋಗಿ, ಮಧ್ಯಾಹ್ನದ ಮೇಲೆ ಅವ್ರ ಸೊಂಟ ಏನು ಹೇಳುತ್ತೆ ಕೇಳಿ. ಈ ವಿಷಯದಲ್ಲಿ ನಿಮ್ಮ ಓಟಿಗಿಂತ ಅವ್ರ ಓಟಿಗೆ ಬೆಲೆ ಜಾಸ್ತಿ, ನೀವು ಹ್ಯಾಂಡಲ್ ಹಿಡ್ಕೊಂಡು ಮಜಾ ತಗೊಳ್ತಿರ್ತೀರಿ, ಅವ್ರು ಬರೀ ಕೂತಿರ್ತಾರೆ.

ಗಾಳಿ ಮಳೆ ವಿಚಾರ: ಹಳೇ ಫೇರಿಂಗಿನ ಹಿಂದೆ ಕೂತ್ರೆ ಕೈ ಕಾಲು ಎಲ್ಲಾ ಮರೆಯಾಗ್ತಿತ್ತು. ಹೊಸದ್ರಲ್ಲಿ ಗ್ಲಾಸನ್ನ ಬಟನ್ನಲ್ಲೇ ಮೇಲೆ ಕೆಳಗೆ ಮಾಡ್ಬೋದು, ಬಿಸಿಲಲ್ಲಿ ಅದು ಭಾರೀ ಸುಖ, ಆದ್ರೆ ಜೋರು ಮಳೇಲಿ ಭುಜ, ಕೈ ಒದ್ದೆ ಆಗೋದು ಜಾಸ್ತಿ. ಚಳಿಗಾಲದಲ್ಲೂ ಹೋಗೋರಾದ್ರೆ ಇದನ್ನ ಲೆಕ್ಕಕ್ಕೆ ತಗೊಳ್ಳಿ, ಬಿಸಿ ಹಿಡಿಕೆ ಅಂಗೈ ಕಾಯುತ್ತೆ, ಭುಜ ಕಾಯಲ್ಲ.

ಸ್ಕ್ರೀನು, ಕಾರ್‌ಪ್ಲೇ (ಫೋನಿನ ಮ್ಯಾಪು, ಹಾಡು ಬೈಕಿನ ಸ್ಕ್ರೀನಲ್ಲೇ ಬರೋದು), ಇದಕ್ಕೋಸ್ಕರ ಬೈಕ್ ಬದಲಾಯಿಸ್ಬೇಡಿ. 2018ರಲ್ಲೇ ಆಪಲ್ ಕಾರ್‌ಪ್ಲೇ ಬಂತು, ಆಂಡ್ರಾಯ್ಡ್ ಆಟೋ 2020ರಲ್ಲಿ, ವೈರಿಲ್ಲದೆ ಕನೆಕ್ಟ್ ಆಗೋದು 2025ರ ಮಾಡೆಲ್ಲಿಂದ. ಏಳಿಂಚಿನ ಸ್ಕ್ರೀನು, ಟಚ್ ಅಲ್ಲ, ಎಲ್ಲಾ ಬಟನ್ನಲ್ಲೇ ತಡಕಾಡ್ಬೇಕು, ಹೆಲ್ಮೆಟ್ಟಿನ ಹೆಡ್‌ಸೆಟ್ ಸೇರ್ಸಿಲ್ಲ ಅಂದ್ರೆ ಕಾರ್‌ಪ್ಲೇ ಏಳೋದೇ ಇಲ್ಲ ಅನ್ನೋ ಕಿರಿಕಿರಿ ಬೇರೆ. ನಿಮ್ಮ 2012ರದ್ದಕ್ಕೆ ಒಂದು ಫೋನ್ ಹೋಲ್ಡರ್ ಹಾಕಿದ್ರೆ ಮ್ಯಾಪಿನ ಕೆಲಸ ಮುಗೀತು.

ವಯಸ್ಸಿನ ವಿಷಯ ನೀವೇ ಎತ್ತಿದ್ರಿ, ನನ್ನ ಪ್ರಕಾರ ಹೊಸದಕ್ಕೆ ಹೋಗೋಕೆ ಇದೇ ಗಟ್ಟಿ ಕಾರಣ. ಓಡ್ತಿರುವಾಗ ಎರಡೂ ಹಗುರಾನೇ, ಆ ಮಲಗಿರೋ ಆರು ಸಿಲಿಂಡರ್ ಭಾರವನ್ನೆಲ್ಲ ಕೆಳಗಿಟ್ಟಿರುತ್ತೆ. ಭಯ ಆಗೋದು ನಿಂತಾಗ, ಪಾರ್ಕಿಂಗಲ್ಲಿ, ಜಲ್ಲಿ ಮೇಲೆ, ಇಬ್ಬರ ಭಾರ ಇಟ್ಕೊಂಡು ಯು ಟರ್ನ್ ಹೊಡೆಯುವಾಗ. ಅಲ್ಲಿ 34 ಕೆಜಿ ಕಮ್ಮಿ ಅನ್ನೋದು ಗೊತ್ತಾಗುತ್ತೆ. (ಅದ್ರಲ್ಲಿ ಮೂರು ಕೆಜಿ ಪೆಟ್ರೋಲೇ, ಟ್ಯಾಂಕು ಚಿಕ್ಕದಾಗಿದ್ದಕ್ಕೆ. ಆದ್ರೂ ಮಿಕ್ಕಿದ್ದು ನಿಜವಾದ ಇಳಿತ.) ನಿಮ್ಮ ಹಳೇದ್ರಲ್ಲಿ ಸ್ಟಾರ್ಟರ್ ಮೋಟಾರಿಂದ ನಡೆಯೋ ರಿವರ್ಸ್ ಇದೆ ಸರಿ, ಡಿಸಿಟಿಯಲ್ಲಿ ವಾಕಿಂಗ್ ಮೋಡ್ ಅಂತ ಹಿಂದಕ್ಕೂ ಮುಂದಕ್ಕೂ ನಡಿಗೆಗಿಂತ ನಿಧಾನವಾಗಿ ತೆವಳ್ಸೋ ಸೌಲಭ್ಯ ಇದೆ, ಇಳಿಜಾರಿನ ಪಾರ್ಕಿಂಗಲ್ಲಿ ದೇವ್ರು ಬಂದ ಹಾಗೆ. ಮಂಡಿ ಈಗ್ಲೇ ದೂರು ಹೇಳ್ತಿದ್ರೆ, ನಿಲ್ಸಿದಾಗ ಬೈಕ್ ವಾಲ್ತಾ ಇದೆ ಅಂತ ಅಳುಕು ಶುರುವಾಗಿದ್ರೆ, ಮೇಲೆ ಹೇಳಿದ ಲಗೇಜು ಗಿಗೇಜು ಎಲ್ಲಾ ಬದಿಗಿಟ್ಟು ಹೋಗ್ಬಿಡಿ. ಲಗೇಜ್ ಕಮ್ಮಿ ಮಾಡ್ಕೋಬೋದು, ಮಂಡಿ ಬದಲಾಯ್ಸೋದು ಕಷ್ಟ. ಆ ಅಳುಕು ಇಲ್ಲ ಅಂದ್ರೆ, ಇಬ್ರು, ಉದ್ದ ಟ್ರಿಪ್ಪು, ತುಂಬಾ ಸಾಮಾನು ಅನ್ನೋ ನಿಮ್ಮ ಲೆಕ್ಕಕ್ಕೆ ನಾನು ಹಳೇದನ್ನೇ ಇಟ್ಕೊಳ್ಳಿ ಅಂತೀನಿ, ಅದನ್ನ ಮಾಡಿದ್ದೇ ನಿಮ್ಮಂಥೋರಿಗೆ.

ಹಳೇದನ್ನ ಇಟ್ಕೊಳ್ಳೋದಕ್ಕೂ ಒಂದು ತೆರಿಗೆ ಇದೆ, ಏರ್ ಫಿಲ್ಟರ್ ಬದಲಾಯ್ಸೋಕೂ ಅರ್ಧ ಪ್ಲಾಸ್ಟಿಕ್ ಬಿಚ್ಬೇಕು, ಬಿಚ್ಚಿದಾಗ ವರ್ಷ ಆಗಿರೋ ಕ್ಲಿಪ್ ಒಂದೆರಡು ಮುರಿದೇ ಮುರಿಯುತ್ತೆ, ಲೇಬರ್ ಚಾರ್ಜ್ ಏರುತ್ತೆ. ಆ ಕಡೆ ಹೊಸದಕ್ಕೆ ಹೋದ್ರೆ ಇಷ್ಟು ವರ್ಷ ಹಾಕಿಸ್ಕೊಂಡ ಡ್ರೈವರ್ ಬ್ಯಾಕ್‌ರೆಸ್ಟು, ಕಾಲು ಚಾಚಿ ಇಡೋ ಹೈವೇ ಪೆಗ್ಗು, ಒಳಗಿನ ಬ್ಯಾಗು ಯಾವುದೂ ಅದಕ್ಕೆ ಕೂರಲ್ಲ, ಎಲ್ಲಾ ಮೊದ್ಲಿಂದ. ಬೈಕಿನ ಬೆಲೆ ನೋಡೋರು ಈ ಬಿಲ್ ಮರೀತಾರೆ. ಸೆಕೆಂಡ್ ಹ್ಯಾಂಡ್ ಆದ್ರೆ ಚಾಸಿ ನಂಬರ್ ಕೊಟ್ಟು ಬಾಕಿ ಇರೋ ರೀಕಾಲ್ (ಕಂಪನಿಯೇ ಬೈಕ್ ವಾಪಸ್ ಕರೆಸಿ ದೋಷ ಸರಿ ಮಾಡೋದು), ಸಾಫ್ಟ್‌ವೇರ್ ಅಪ್‌ಡೇಟ್ ಏನಾದ್ರೂ ಇದ್ಯಾ ಅಂತ ಕೇಳ್ಕೊಳ್ಳಿ.

ಗೇರಾ ಡಿಸಿಟಿನಾ ಅಂತ ಕೇಳಿದ್ರಲ್ಲ. ಗೇರಿಂದು ಆರು ಸ್ಪೀಡು, ಡಿಸಿಟಿ ಏಳು, ಕ್ಲಚ್ ಲಿವರ್ರೇ ಇಲ್ಲ. ಹೋಂಡಾದೋರು 2010ರ ವಿಎಫ್‌ಆರ್ 1200 ಬೈಕಿಂದ ಇದನ್ನ ತಿದ್ದುತ್ತಾ ಬಂದಿದಾರೆ, ಗೇರ್ ಬಿದ್ದಿದ್ದೇ ಗೊತ್ತಾಗಲ್ಲ. ಕಷ್ಟ ಇರೋದು ಒಂದೇ ಕಡೆ, ತೀರಾ ನಿಧಾನದ ತಿರುವಲ್ಲಿ ನಮ್ಮ ಎಡಗೈ ಅಭ್ಯಾಸಬಲದಿಂದ ಅರ್ಧ ಕ್ಲಚ್ ಹುಡುಕುತ್ತೆ, ಅಲ್ಲಿ ಏನೂ ಇರಲ್ಲ. ಅದಕ್ಕೆ ಹಿಂದಿನ ಬ್ರೇಕನ್ನ ಸ್ವಲ್ಪ ಒತ್ತಿ ಹಿಡ್ಕೊಂಡು ಆಕ್ಸಿಲೇಟರ್ ಒಂದೇ ಸಮ ಕೊಡೋದು ಕಲೀಬೇಕು, ಮುಂದಿನ ಬ್ರೇಕ್ ಮುಟ್ಬಾರ್ದು. ಖಾಲಿ ಮೈದಾನದಲ್ಲಿ ಮೊದ್ಲು ಒಬ್ರೇ, ಕೈ ಕೂತ್ಮೇಲೆ ಮನೆಯವ್ರನ್ನ ಕೂರಿಸ್ಕೊಂಡು ಯು ಟರ್ನ್ ಹಾಕಿ ನೋಡಿ, ಅಷ್ಟಾದ್ಮೇಲೂ ಎಡಗೈ ತಡಕಾಡ್ತಾನೇ ಇದ್ರೆ ಗೇರಿನದ್ದೇ ತಗೊಳ್ಳಿ, ರಿವರ್ಸ್ ಅದ್ರಲ್ಲೂ ಇದೆ.