ಕಾನೂನು ಪ್ರಶ್ನೋತ್ತರ: ತೀರ್ಪಿನ ಸಜೆ, ಜೈಲಿನ ಲೆಕ್ಕ

ಪ್ರಶ್ನೆ: ತೋಟದಿಂದ 40,000 ರೂಪಾಯಿಯ ಪಂಪ್‌ಸೆಟ್ ಕದ್ದ ಕೇಸಿನಲ್ಲಿ ಸಂಬಂಧಿಕನಿಗೆ ಒಂದು ವರ್ಷ ಸಾದಾ ಸಜೆ, 10,000 ರೂ. ದಂಡ, ಕಟ್ಟದಿದ್ದರೆ ಇನ್ನೂ ಎರಡು ತಿಂಗಳು ಎಂದು ತೀರ್ಪಾಗಿದೆ. ಜಾಮೀನಿಗೆ ಮುಂಚೆ ನಾಲ್ಕು ತಿಂಗಳು ಒಳಗಿದ್ದ. ಇನ್ನೆಷ್ಟು ಬಾಕಿ? ಮೂರು ವರ್ಷದ ಕಲಂಗೆ ಒಂದೇ ವರ್ಷ ಹೇಗೆ?

ಉತ್ತರ: ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಂ ಹೇಳುವುದು ‘ಮೂರು ವರ್ಷದವರೆಗೆ’ ಎಂದು. ಅದರೊಳಗೆ ಎಷ್ಟೆಂಬುದು ನ್ಯಾಯಾಧೀಶರ ವಿವೇಚನೆ. ಅದೇ ಕಲಂನಡಿ ಎರಡನೇ ಸಲ ದೋಷಿಯಾದರೆ ಆ ಸಡಿಲವಿಲ್ಲ: ಕಠಿಣ ಸಜೆ, ಒಂದರಿಂದ ಐದು ವರ್ಷ, ಜೊತೆಗೆ ದಂಡ. ದೋಷಿ ಎಂದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಬೇರೆಯಾಗಿ ಕೇಳುತ್ತಾರೆ. ಅಲ್ಲಿ ‘ಕನಿಕರ ತೋರಿಸಿ’ ಎಂದಷ್ಟೇ ಹೇಳಿ ಕೂತರೆ ಅವಕಾಶ ಹಾಳು. ವಯಸ್ಸು, ಹಿಂದೆ ಕೇಸಿಲ್ಲದ್ದು, ಮಾಲು ವಾಪಸಾದದ್ದು ಎಲ್ಲವನ್ನೂ ದಾಖಲೆ ಸಮೇತ ಮುಂದಿಡಬೇಕು.

ಈಗ ಲೆಕ್ಕ. ವಿಚಾರಣಾಧೀನನಾಗಿ ಕಳೆದ ನಾಲ್ಕು ತಿಂಗಳು ನಾಗರಿಕ ಸುರಕ್ಷಾ ಸಂಹಿತೆಯ 468ನೇ ಕಲಂನಂತೆ ವರ್ಷದಿಂದ ವಜಾ, ಉಳಿದದ್ದು ಎಂಟು. ದಂಡಕ್ಕೆ ಬದಲಾದ ಎರಡು ತಿಂಗಳಿಗೆ ಮಾತ್ರ ಈ ವಜಾ ಸಿಗುವುದಿಲ್ಲ. ದಂಡ ಪೂರ್ತಿ ಕಟ್ಟಿದರೆ ಅದು ಇಲ್ಲವೇ ಇಲ್ಲ. 5,000 ಕಟ್ಟಿದರೆ ಒಂದೇ ತಿಂಗಳು. ಈ ಬದಲಿ ಸಜೆಯ ಮಿತಿ ಕಲಂನ ಗರಿಷ್ಠ ಅವಧಿಯ ಕಾಲು ಭಾಗ, ಅಂದರೆ ಇಲ್ಲಿ ಒಂಬತ್ತು ತಿಂಗಳು. ಕೊಟ್ಟ ಒಂದು ವರ್ಷದ ಕಾಲು ಎಂದು ತಿಳಿದು ಮೇಲ್ಮನವಿಗೆ ಓಡಬೇಡಿ. ಜೈಲಿನವರು ಎಣಿಸುವುದು ಕೋರ್ಟು ಕಳಿಸುವ ಸಜೆಯ ವಾರಂಟ್ ನೋಡಿ. ಹಾಗಾಗಿ ಬಂಧನದ ದಿನಾಂಕಗಳು ಅದರಲ್ಲಿ ಬಂದಿವೆಯೇ ಎಂದು ವಕೀಲರಿಂದ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಎರಡು ಕಲಂಗಳ ಸಜೆ ‘ಏಕಕಾಲಕ್ಕೆ’ ಎಂದಿದ್ದಾರೆ. ದಂಡದ ಸಜೆಗಳೂ ಹಾಗೆಯೇ?

ಉತ್ತರ: ಇಲ್ಲ. ಅವು ಒಂದರ ನಂತರ ಒಂದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಪ್ರಶ್ನೆ: ದಂಡ ಕಟ್ಟದೆ ಆ ಸಜೆಯನ್ನೂ ಪೂರ್ತಿ ಮುಗಿಸಿದರೆ ಹಣ ಮನ್ನಾ ತಾನೇ?

ಉತ್ತರ: ಸಾಮಾನ್ಯವಾಗಿ ಹೌದು, ಆಮೇಲೆ ಜಪ್ತಿ ವಾರಂಟ್ ಹೊರಡಿಸಬೇಕಾದರೆ ಕೋರ್ಟು ವಿಶೇಷ ಕಾರಣ ಬರೆಯಬೇಕು. ಆದರೆ ದಂಡದ ಹಣದಲ್ಲಿ ನೊಂದವರಿಗೆ ಪರಿಹಾರ ಕೊಡಿ ಎಂಬ ಆದೇಶವಿದ್ದರೆ ಆ ರಕ್ಷಣೆ ಇಲ್ಲ. ಸಜೆ ಮುಗಿಸಿ ಬಂದವನ ಆಸ್ತಿಯಿಂದಲೂ ವಸೂಲಿ ಮಾಡಬಹುದು.