ಕುದುರೆಯ ಗಮನ ಎಲ್ಲೆಲ್ಲೋ? ಡಬ್ಬಿ ತರಿಸುವ ಮೊದಲು ಬಕೆಟ್ ನೋಡಿ

ಪ್ರಶ್ನೆ: ನಮ್ಮಲ್ಲಿ ಏಳು ವರ್ಷದ ಗಂಡು ಕುದುರೆ ಇದೆ, ಬೀಜ ಒಡೆಸಿದ್ದು. ಹೋದ ವರ್ಷ ಬೆಳಗಾವಿ ಕಡೆಯಿಂದ ತಂದೆವು. ಸ್ವಭಾವ ಒಳ್ಳೆಯದೇ. ಜೀನಿನ ಪಟ್ಟಿ ಬಿಗಿಯುವಾಗ ಮಾತ್ರ ತಿರುಗಿ ಹಲ್ಲು ತೋರಿಸುತ್ತದೆ. ತೊಂದರೆ ಏನೆಂದರೆ ಗಮನ ಒಂದು ಕಡೆ ನಿಲ್ಲುವುದಿಲ್ಲ. ಬೀಚಿನಲ್ಲಿ ದೋಣಿಗೆ ಹೊದಿಸಿದ ಟಾರ್ಪಾಲು ಪಟಪಟ ಅಂದರೂ ಸಾಕು, ತಲೆ ಎತ್ತಿ ನಿಂತುಬಿಡುತ್ತದೆ. ಮಗಳು ಸವಾರಿ ಕಲಿಯುತ್ತಿದ್ದಾಳೆ, ಮುಂದೆ ಬೆಂಗಳೂರಿನ ಸ್ಪರ್ಧೆಗೆ ಹೋಗುವ ಆಸೆ. ಕುದುರೆಯನ್ನು ಶಾಂತ ಮಾಡುವ ಪುಡಿ ಆನ್‌ಲೈನಿನಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಮೆಗ್ನೀಸಿಯಂ, ಟ್ರಿಪ್ಟೊಫ್ಯಾನ್, ವಿಟಮಿನ್ ಬಿ1 ಎಂದೆಲ್ಲ ಬರೆದಿದೆ. ಕೊಡಬಹುದಾ? ಈಗ ಎರಡು ಹೊತ್ತು ಬೇಯಿಸಿದ ಹುರುಳಿ, ತೌಡು, ಸ್ವಲ್ಪ ಬೈಹುಲ್ಲು ಕೊಡುತ್ತೇವೆ. ಮನೆಯಲ್ಲಿ ಮೊದಲು ಕಂಬಳದ ಕೋಣ ಇತ್ತು.
— ಓದುಗರು, ಕಟಪಾಡಿ

ಉತ್ತರ: ಕೊನೆಯ ಎರಡು ಸಾಲು ಬರೆದು ಒಳ್ಳೆಯದು ಮಾಡಿದಿರಿ. ಇಲ್ಲದಿದ್ದರೆ ನಾನು ಪುಡಿಯ ವಿಷಯದಿಂದಲೇ ಶುರು ಮಾಡುತ್ತಿದ್ದೆ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಇದ್ದಾಗ ನನ್ನ ಕೈಗೆ ಬಂದದ್ದು ಕುದುರೆಗಿಂತ ಕೋಣಗಳೇ ಜಾಸ್ತಿ. ಹಾಗಾಗಿ ಕಂಬಳದ ಮನೆಯವರ ಕೈ ಎಷ್ಟು ಧಾರಾಳ ಎಂದು ಬಲ್ಲೆ. ಆದರೆ ಮಾರಾಯ್ರೇ, ಕೋಣ ಮೆಲುಕು ಹಾಕುವ ಪ್ರಾಣಿ, ಗದ್ದೆಯಲ್ಲಿ ಓಡಿ ತಿಂದದ್ದನ್ನು ಕರಗಿಸುತ್ತದೆ. ನಿಮ್ಮ ಕುದುರೆ ಸಂಜೆ ಒಂದು ಗಂಟೆ ಮಗುವನ್ನು ಹೊತ್ತು ನಡೆಯುತ್ತದೆ, ಉಳಿದ ಹೊತ್ತು ಲಾಯದಲ್ಲಿ ನಿಂತಿರುತ್ತದೆ ಅಲ್ವಾ? ಎರಡು ಹೊತ್ತಿನ ಹುರುಳಿಯ ಕಸುವು ಎಲ್ಲಿಗೆ ಹೋಗಬೇಕು? ಟಾರ್ಪಾಲು ಕಂಡಾಗ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ತಿಂದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ. ಅದನ್ನು ತಣಿಸುವುದು ಜೊಲ್ಲು. ಕುದುರೆಗೆ ಜೊಲ್ಲು ಬರುವುದು ಅಗಿಯುವಾಗ. ಬೇಯಿಸಿದ ಹುರುಳಿ ಸ್ವಲ್ಪ ಹೊತ್ತಿನಲ್ಲಿ ಖಾಲಿ, ಅಗಿಯುವ ಕೆಲಸವೇ ಇಲ್ಲ. ಹುಲ್ಲಾದರೆ ಗಂಟೆಗಟ್ಟಲೆ ಅಗಿಯಬೇಕು. ಹುಲ್ಲು ಕಡಿಮೆ, ಕಾಳು ಜಾಸ್ತಿ ಆದ ಕುದುರೆಗೆ ಹೊಟ್ಟೆಯಲ್ಲಿ ಹುಣ್ಣಾಗುವುದು ತೀರಾ ಸಾಮಾನ್ಯ. ಪಟ್ಟಿ ಬಿಗಿಯುವಾಗ ಹಲ್ಲು ತೋರಿಸುತ್ತದೆ ಎಂದು ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿ. ಅದು ಬರೀ ಸಿಟ್ಟು ಇರಬಹುದು, ಜೀನು ಸರಿ ಕೂರದೆ ಬೆನ್ನು ನೋಯುತ್ತಿರಬಹುದು, ಹುಣ್ಣೂ ಇರಬಹುದು. ನೋವಿರುವ ಪ್ರಾಣಿಗೆ ಪಾಠದ ಮೇಲೆ ಗಮನ ಇಡು ಅಂದರೆ ಹೇಗೆ?

ಮೊದಲು ಅಳತೆ ಮಾಡಿ. ಹೊಲಿಗೆಯವರ ಟೇಪು ತೆಗೆದುಕೊಂಡು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ನೋಡಿ. ಆಮೇಲೆ ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ತೂಕ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 165, ಉದ್ದ 150 ಇದ್ದರೆ ತೂಕ ಸುಮಾರು 344 ಕಿಲೋ. ಕುದುರೆಗೆ ದಿನಕ್ಕೆ ತನ್ನ ತೂಕದ ಶೇಕಡಾ ಒಂದೂವರೆಯಿಂದ ಎರಡರಷ್ಟು ಒಣಮೇವು ಬೇಕು. ಅಂದರೆ ಇಂಥ ಕುದುರೆಗೆ ಐದರಿಂದ ಏಳು ಕಿಲೋ. ಹಸಿ ಹುಲ್ಲಾದರೆ ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ನೀರೇ. ಇಪ್ಪತ್ತೈದು ಕಿಲೋ ಹೊರೆ ಹಾಕಿದರೂ ಲೆಕ್ಕಕ್ಕೆ ಸಿಗುವುದು ಐದೇ ಕಿಲೋ. ಮೀನು ತೂಗುವ ಕೊಕ್ಕೆಯ ತಕ್ಕಡಿ ನಿಮ್ಮ ಊರಲ್ಲಿ ಯಾರ ಮನೆಯಲ್ಲೂ ಸಿಗುತ್ತದೆ. "ಸ್ವಲ್ಪ ಬೈಹುಲ್ಲು" ಎಷ್ಟು ತೂಗುತ್ತದೆ ಎಂದು ಒಮ್ಮೆ ನೋಡಿ.

ಬರೀ ಬೈಹುಲ್ಲು ಸಾಲದು, ಅದರಲ್ಲಿ ಸತ್ವ ಕಡಿಮೆ. ಹಾಗಂತ ಪಕ್ಕದ ಮನೆಯ ಹಟ್ಟಿಗೆ ಬೆಳೆಸಿದ ನೇಪಿಯರ್ ಹುಲ್ಲನ್ನೇ ಹೊರೆಹೊರೆ ಹಾಕಬೇಡಿ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ದನಕ್ಕೆ ತಡೆದೀತು, ಕುದುರೆಗೆ ತಡೆಯದು. ಮೇಲಿಂದ ತೌಡು ಬೇರೆ, ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಎರಡೂ ಸೇರಿ ತಿಂಗಳುಗಟ್ಟಲೆ ನಡೆದರೆ ಮೂಳೆ ಸಡಿಲವಾಗಿ ಮುಖ ಊದುತ್ತದೆ, ಇವತ್ತು ಒಂದು ಕಾಲು ನಾಳೆ ಇನ್ನೊಂದು ಕಾಲು ಕುಂಟುತ್ತದೆ. ತೌಡು ಕಡಿಮೆ ಮಾಡಿ, ಗದ್ದೆ ಬದುವಿನ ಬೇರೆ ಬೇರೆ ಹುಲ್ಲು ಬೆರೆಸಿ. ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಮೂಟೆಯಲ್ಲಿ ತರಿಸಿ ದಿನಕ್ಕೆ ಸ್ವಲ್ಪ ಕೊಟ್ಟರೆ ಕ್ಯಾಲ್ಸಿಯಂ ಸಿಗುತ್ತದೆ, ಹೊಟ್ಟೆಯ ಆಮ್ಲವೂ ತಗ್ಗುತ್ತದೆ. ಡಬ್ಬಿಗೆ ಇಟ್ಟ ದುಡ್ಡನ್ನು ಅದಕ್ಕೆ ಹಾಕಿ. ಹುರುಳಿಯನ್ನು ಎರಡು ವಾರದಲ್ಲಿ ನಿಧಾನಕ್ಕೆ ಇಳಿಸಿ, ಒಂದೇ ಸಲ ಬದಲಿಸಿದರೆ ಹೊಟ್ಟೆನೋವು ಬರುತ್ತದೆ. ಹೇಗೂ ಇದೆಯಲ್ಲ ಎಂದು ದನದ ಹಿಂಡಿಯನ್ನಂತೂ ಹಾಕಲೇಬೇಡಿ. ಕೆಲವು ಪಶು ಆಹಾರಗಳಿಗೆ ಸೇರಿಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಗೆ ಪ್ರಾಣಕ್ಕೇ ಅಪಾಯ.

ಈಗ ಪುಡಿಗೆ ಬರೋಣ. ಮೆಗ್ನೀಸಿಯಂ ಕೊರತೆ ಇದ್ದರೆ ಕುದುರೆ ಬೆಚ್ಚುವುದು ನಿಜ, ಕೊಟ್ಟರೆ ಸರಿಹೋಗುವುದೂ ನಿಜ. ಆದರೆ ಹುಲ್ಲು, ತೌಡು ತಿನ್ನುವ ಕುದುರೆಗೆ ಆ ಕೊರತೆ ಬರುವುದು ಅಪರೂಪ. ಕೊರತೆ ಇಲ್ಲದವನಿಗೆ ಸುರಿದರೆ ಲದ್ದಿ ಸಡಿಲವಾಗುತ್ತದೆ, ಅಷ್ಟೇ. ಬಿ1 ಕಥೆಯೂ ಹೆಚ್ಚುಕಡಿಮೆ ಅದೇ. ಕುದುರೆಯ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳೇ ಅದನ್ನು ತಯಾರಿಸುತ್ತವೆ, ಮಿಕ್ಕಿದ್ದು ಉಚ್ಚೆಯಲ್ಲಿ ಹೋಗುತ್ತದೆ. ಟ್ರಿಪ್ಟೊಫ್ಯಾನ್ ಅಂದರೆ ಪ್ರೊಟೀನಿನ ಒಂದು ಘಟಕ, ಅದರ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ತಯಾರಾಗಲು ಅದು ಬೇಕು, ಆದ್ದರಿಂದ ಶಾಂತಿ ಬರುತ್ತದೆ ಎಂಬುದು ಮಾರುವವರ ಲೆಕ್ಕ. ಕುದುರೆಗಳಲ್ಲಿ ಪರೀಕ್ಷೆ ಮಾಡಿದಾಗ ಕಡಿಮೆ ಪ್ರಮಾಣದಲ್ಲಿ ಕೆಲವಕ್ಕೆ ಚಡಪಡಿಕೆಯೇ ಕಂಡದ್ದುಂಟು. ತೀರಾ ಜಾಸ್ತಿ ಆದರೆ ಕರುಳಿನ ಬ್ಯಾಕ್ಟೀರಿಯಾ ಅದನ್ನು ಇಂಡೋಲ್ ಎಂಬ ವಸ್ತುವಾಗಿ ಮಾಡುತ್ತವೆ. ಅದು ಕೆಂಪು ರಕ್ತಕಣವನ್ನು ಒಡೆಯುತ್ತದೆ. ಒಂದು ಚಮಚಕ್ಕೆ ಫಲ ಕಾಣಲಿಲ್ಲ ಎಂದು ಎರಡು ಹಾಕುವ ನಮ್ಮ ಜನರ ಅಭ್ಯಾಸ ನೋಡಿದವನಾಗಿ ಹೇಳುತ್ತಿದ್ದೇನೆ.

ಮಗಳ ಸ್ಪರ್ಧೆಯ ವಿಷಯ. ಇಂಥ ಡಬ್ಬಿಗಳಲ್ಲಿ ವಲೇರಿಯನ್ ಎಂಬ ಬೇರಿನ ಪುಡಿಯೂ ಇರುವುದುಂಟು. ಕುದುರೆ ಸವಾರಿಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ ಅದನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿದೆ. ಗಿಡಮೂಲಿಕೆ, ನೈಸರ್ಗಿಕ ಎಂದು ಬರೆದಿದ್ದರೂ ವಿನಾಯಿತಿ ಇಲ್ಲ. ಸ್ಪರ್ಧೆಗೆ ಹೋಗುವ ಕುದುರೆಯ ಬಾಯಿಗೆ ಹೋಗುವ ಪ್ರತಿಯೊಂದರ ಪಟ್ಟಿ ಇಡಿ. ಸುಮ್ನೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದರೆ ಸಾಕು.

ಇನ್ನು ಟಾರ್ಪಾಲು. ಕುದುರೆಯ ಕಣ್ಣು ಮುಖದ ಎರಡು ಬದಿಗೆ ಇರುವುದರಿಂದ ತನ್ನ ಸುತ್ತಲಿನದು ಬಹುಪಾಲು ಒಟ್ಟಿಗೆ ಕಾಣುತ್ತದೆ. ಹಣೆಯ ಎದುರು ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಬಿಟ್ಟರೆ. ಅಲುಗಾಡುವುದು ಮೊದಲು ಕಾಣುತ್ತದೆ. ಓಡಿ ಬದುಕುವ ಪ್ರಾಣಿಗೆ ಅದು ದೋಷ ಅಲ್ಲ. ನೀವು ಮಾಡಬೇಕಾದದ್ದು: ಬೆಳಿಗ್ಗೆ ಜನ ಇಲ್ಲದಾಗ ಜೀನು ಹಾಕದೆ, ಉದ್ದ ಹಗ್ಗದಲ್ಲಿ ದೋಣಿಗಳ ಕಡೆ ನಡೆಸಿ. ಕಿವಿ ಆ ಕಡೆ ತಿರುಗಿತು, ಆದರೆ ಕಾಲು ಇನ್ನೂ ನಿಂತಿಲ್ಲ, ಆ ಜಾಗದಲ್ಲಿ ನೀವೇ ನಿಲ್ಲಿ. ಹಗ್ಗ ಎಳೆಯಬೇಡಿ. ಕಾಯಿರಿ. ತಲೆ ತಗ್ಗಿಸಿ ತುಟಿ ಸಡಿಲ ಬಿಟ್ಟು ಬಾಯಿ ಆಡಿಸಿದ ಕೂಡಲೇ ತಿರುಗಿಸಿ ವಾಪಸ್ ನಡೆಯಿರಿ. ವಾಪಸ್ ಹೋಗುವುದೇ ಬಹುಮಾನ. ಮರುದಿನ ಎರಡು ಹೆಜ್ಜೆ ಮುಂದೆ. ಅದೇ ಹಳೆಯ ಟಾರ್ಪಾಲು ತುಂಡೊಂದನ್ನು ಲಾಯದ ಬಳಿ ಬೇಲಿಗೆ ಕಟ್ಟಿ, ಅದರ ಹತ್ತಿರವೇ ಹುಲ್ಲು ಹಾಕಿ.

ಒಂಟಿಯಾಗಿ ಕಟ್ಟಿದ್ದರೆ ಜೊತೆಗೊಂದು ಆಡು ಕಟ್ಟಿ ನೋಡಿ. ನಗಬೇಡಿ, ರೇಸ್ ಕುದುರೆಗಳ ಲಾಯದಲ್ಲೂ ಆಡು ಇಡುವ ಪದ್ಧತಿ ಇದೆ. ಮತ್ತೆ, ಒಣ ಊರಿನಿಂದ ಕರಾವಳಿಯ ಸೆಖೆಗೆ ಬಂದ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುತ್ತದೆ. ಕೆಲಸದ ನಂತರ ಏದುಸಿರು ಇದೆ, ಮೈ ಒಣಗಿದೆ ಎಂದಾದರೆ ತಡ ಮಾಡದೆ ತಣ್ಣೀರು ಹೊಯ್ದು ಡಾಕ್ಟ್ರನ್ನು ಕರೆಯಿರಿ. ಸರಿಯಾಗಿ ಬೆವರುವ ಕುದುರೆಗೆ ದಿನಕ್ಕೆ ಒಂದು ಹಿಡಿ ಉಪ್ಪು ಬೇಕು.

ಪ್ರಶ್ನೆ: ಮದುವೆ ಮೆರವಣಿಗೆಗೆ, ನವರಾತ್ರಿಯಲ್ಲಿ ಹುಲಿವೇಷದ ತಾಸೆ ಇರುವ ಕಡೆಗೆ ಕುದುರೆ ಕಳಿಸುವಾಗ ಮಂಪರು ಬರುವ ಇಂಜೆಕ್ಷನ್ ಕೊಡಿಸಬಹುದೇ? — ಓದುಗರು, ಸುರತ್ಕಲ್

ಉತ್ತರ: ಬೇಡ. ಅಸಿಪ್ರೊಮಜೀನ್ ಅಂಥ ಔಷಧಿ ರಕ್ತದೊತ್ತಡ ಇಳಿಸುತ್ತದೆ, ಕಾಲು ತಪ್ಪುತ್ತದೆ. ಗಂಡು ಕುದುರೆಯ ಜನನಾಂಗ ಹೊರಗೆ ಜೋತುಬಿದ್ದು ವಾಪಸ್ ಹೋಗದೆ ಇರುವ ಅಪಾಯವೂ ಇದೆ. ತೂಕಡಿಸುತ್ತಿರುವ ಕುದುರೆ ತಾಸೆ ಬಡಿದಾಗ ಇದ್ದಕ್ಕಿದ್ದಂತೆ ಎಚ್ಚರಾಗಿ ಒದೆಯಬಹುದು. ಮೇಲೆ ಮದುಮಗ ಕೂತಿರುತ್ತಾನೆ, ಮುಂದೆ ಮಕ್ಕಳು ಕುಣಿಯುತ್ತಿರುತ್ತಾರೆ. ಕಿವಿಗೆ ಹತ್ತಿಯ ದೊಡ್ಡ ಉಂಡೆ ಸಡಿಲವಾಗಿ ಇಟ್ಟು ಅಭ್ಯಾಸ ಮಾಡಿಸಿ. ಆದರೂ ಹೆದರುವ ಕುದುರೆಯನ್ನು ಮೆರವಣಿಗೆಗೆ ಕಳಿಸಬೇಡಿ, ಬಾಡಿಗೆ ಹೋದರೆ ಹೋಗಲಿ.

ಪ್ರಶ್ನೆ: ಏಕಾಗ್ರತೆಗೆ ಕುದುರೆಗೂ ಒಂದೆಲಗ ಅರೆದು ಕೊಟ್ಟರೆ ಹೇಗೆ? — ಓದುಗರು, ಬ್ರಹ್ಮಾವರ

ಉತ್ತರ: ತಂಬುಳಿ ಮಾಡಿ ನೀವು ಊಟ ಮಾಡಿ. ಕುದುರೆಯ ಹಲ್ಲನ್ನು ಡಾಕ್ಟ್ರಿಗೆ ತೋರಿಸಿ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿದ್ದರೆ ಲಗಾಮು ಹಿಡಿದಾಗಲೆಲ್ಲ ತಲೆ ಕೊಡವುತ್ತದೆ. ಅರ ಹಾಕಿ ಉಜ್ಜಿಸಿದರೆ ಆಯಿತು. ಹತ್ತಿರ ಯಾರೂ ಇಲ್ಲದಿದ್ದರೆ ಶಿವಮೊಗ್ಗ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.