ಹಾವು ಓಡಿಸಿದ ಸಂತನ ಹಬ್ಬ ಮತ್ತು ನಾಗಬನದ ಮಗಳು

ಐರ್ಲೆಂಡಿನಲ್ಲಿ ಇರೋರು ಸೇಂಟ್ ಪ್ಯಾಟ್ರಿಕ್ಸ್ ಡೇ ಆಚರಿಸ್ತೀರಾ, ಅದರ ಕಥೆಗಳ ಬಗ್ಗೆ ಏನನಿಸುತ್ತೆ ಅಂತ ಕೇಳಿದ್ದೀರಿ. ಈ ದ್ವೀಪದ ಹಾವುಗಳನ್ನೆಲ್ಲ ಓಡಿಸಿದ ಎಂಬ ಕಥೆಯಿರುವ ಸಂತ ಪ್ಯಾಟ್ರಿಕ್‌ನ ಹಬ್ಬ ಅದು. ಆಚರಿಸುತ್ತೇನೆ. ಆದರೆ ಪೂರ್ತಿ ಮನಸ್ಸಿನಿಂದ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಕುಂದಾಪುರದ ಕಡೆಯವಳು. ಎಂಟು ವರ್ಷದಿಂದ ಪಶ್ಚಿಮ ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ನರ್ಸ್ ಆಗಿದ್ದೇನೆ. ಮಾರ್ಚ್ 17ಕ್ಕೆ ಮಗಳ ಕೋಟಿಗೆ ಶ್ಯಾಮ್‌ರಾಕ್ ಸೊಪ್ಪು ಪಿನ್ ಮಾಡಿ ಪರೇಡಿಗೆ ಕರೆದುಕೊಂಡು ಹೋಗುತ್ತೇನೆ. ಮೂರೆಲೆಯ ಆ ಸೊಪ್ಪು ಮಧ್ಯಾಹ್ನದೊಳಗೆ ಬಾಡಿ ಜೋತುಬೀಳುತ್ತದೆ. ನಮ್ಮದು ಡಬ್ಲಿನ್ ತರಹದ ದೊಡ್ಡ ಮೆರವಣಿಗೆ ಅಲ್ಲ. ಮುಂದೆ ಬ್ಯಾಂಡು, ಹಿಂದೆ ಶಾಲೆ ಮಕ್ಕಳು, ಆಮೇಲೆ ತೊಳೆದು ಫಳಫಳ ಮಾಡಿದ ಟ್ರ್ಯಾಕ್ಟರುಗಳ ಸಾಲು. ಜಿಟಿಜಿಟಿ ಮಳೆ. ಅದೆಲ್ಲ ನನಗೆ ತುಂಬಾ ಇಷ್ಟ.

ಕಸಿವಿಸಿ ಶುರುವಾಗಿದ್ದು ಒಂದು ಚಿತ್ರದಿಂದ. ಮಗಳು ಶಾಲೆಯಿಂದ ಬಣ್ಣ ತುಂಬುವ ಹಾಳೆ ತಂದಿದ್ದಳು. ಗಡ್ಡದ ಪ್ಯಾಟ್ರಿಕ್ ಕೋಲು ಎತ್ತಿ ನಿಂತಿದ್ದಾನೆ, ಹಾವುಗಳೆಲ್ಲ ಬಂಡೆಯಿಂದ ಕಡಲಿಗೆ ಬೀಳುತ್ತಿವೆ. "ಅಮ್ಮಾ, ಅಜ್ಜಿ ಹಾಲು ಎರೆಯೋದು ಇದಕ್ಕೇ ಅಲ್ವಾ? ಇವರು ಯಾಕೆ ಓಡಿಸಿದ್ರು?" ಎಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾಗರಪಂಚಮಿಗೆ ತನು ಎರೆದು, ಅರಿಶಿನ ಎಲೆಯ ಕಡುಬು ತಿಂದು ಬೆಳೆದವಳು ನಾನು. ನಮ್ಮ ನಾಗಬನದಿಂದ ಒಂದು ಒಣಕಡ್ಡಿಯನ್ನೂ ಒಲೆಗೆ ತರುತ್ತಿರಲಿಲ್ಲ. ಹಾವು ಓಡಿಸಿದ್ದನ್ನು ಹೊಗಳುವ ಕಥೆ ನನ್ನ ಎದೆಗೆ ಇಳಿಯೋದಿಲ್ಲ.

ನಿಜ ಹೇಳಬೇಕೆಂದರೆ ಇಲ್ಲಿ ಓಡಿಸೋಕೆ ಹಾವೇ ಇರಲಿಲ್ಲ. ಹಿಮಯುಗ ಮುಗಿದು ಹಾವುಗಳು ಇತ್ತ ಬರುವ ಮೊದಲೇ ಸುತ್ತ ಕಡಲು ತುಂಬಿತ್ತು. ಪ್ಯಾಟ್ರಿಕ್ 5ನೇ ಶತಮಾನದವನು. ಈ ದ್ವೀಪದಲ್ಲಿ ಹಾವಿಲ್ಲ ಎಂದು ಸೊಲಿನಸ್ ಎಂಬ ರೋಮನ್ ಲೇಖಕ 3ನೇ ಶತಮಾನದಲ್ಲೇ ಬರೆದಿಟ್ಟಿದ್ದ!

ನನ್ನ ಬೇಸರ ಕಡಿಮೆ ಮಾಡಿದ್ದು ಪ್ಯಾಟ್ರಿಕ್ಕೇ. ತನ್ನ ಬದುಕಿನ ಬಗ್ಗೆ ಅವನೇ ಬರೆದ 'ಕನ್ಫೆಸ್ಸಿಯೊ' ಇವತ್ತಿಗೂ ಉಳಿದಿದೆ. ಒಂದು ರಾತ್ರಿ ಪಾಳಿಯ ಬಿಡುವಿನಲ್ಲಿ ಫೋನಿನಲ್ಲೇ ಓದಿದೆ. ಅದರಲ್ಲಿ ಹಾವೂ ಇಲ್ಲ, ಶ್ಯಾಮ್‌ರಾಕೂ ಇಲ್ಲ. ಹದಿನಾರರ ಹುಡುಗ ಪ್ಯಾಟ್ರಿಕ್‌ನನ್ನು ಬ್ರಿಟನ್ನಿನಿಂದ ಹೊತ್ತು ತಂದು ಇಲ್ಲಿ ಜೀತಕ್ಕೆ ಹಾಕುತ್ತಾರೆ. ಆರು ವರ್ಷ ಮಂದೆ ಕಾಯುತ್ತಾನೆ. ಹಿಮ, ಮಳೆ ಎನ್ನದೆ ನಸುಕಿಗೆ ಮುಂಚೆಯೇ ಎದ್ದು ಪ್ರಾರ್ಥನೆ ಮಾಡುತ್ತಾನೆ. ಹೇಗೋ ತಪ್ಪಿಸಿಕೊಂಡು ಊರು ಸೇರುತ್ತಾನೆ. ಆಮೇಲೊಂದು ಕನಸು. ಪಶ್ಚಿಮದ ಕಡಲ ಪಕ್ಕ ಫೋಕ್ಲುಟ್ ಕಾಡಿನ ಜನ ಮತ್ತೆ ಬಾ, ನಮ್ಮ ಜೊತೆ ಓಡಾಡು ಎಂದು ಕರೆಯುತ್ತಾರೆ. ಆ ಕಾಡು ಇದ್ದದ್ದು ನಮ್ಮ ಮೇಯೋದಲ್ಲೇ ಎನ್ನುತ್ತಾರೆ. ಜೀತ ಮಾಡಿಸಿಕೊಂಡವರ ನಾಡಿಗೇ ಅವನು ವಾಪಸ್ ಬಂದ. ಮನೆ ಬಿಟ್ಟು ಬಂದ ನನಗೆ ಅದನ್ನು ಓದುವಾಗ ಕಣ್ಣು ತುಂಬಿತು. ಪರೇಡಿನಲ್ಲಿ ಆ ಹುಡುಗ ಎಲ್ಲೂ ಕಾಣೋದಿಲ್ಲ. ಅಂಗಡಿ ತುಂಬ ಲೆಪ್ರಕಾನ್ ವೇಷದ ಹಸಿರು ಟೋಪಿ, ಕೆಂಪು ಗಡ್ಡ. ಲೆಪ್ರಕಾನ್ ಅಂದರೆ ಇಲ್ಲಿನ ಕಥೆಗಳಲ್ಲಿ ಒಂಟಿಯಾಗಿ ಕೂತು ಚಪ್ಪಲಿ ಹೊಲಿಯುವ ಕುಳ್ಳ. ಅವನಿಗೂ ಪ್ಯಾಟ್ರಿಕ್‌ಗೂ ಸಂಬಂಧವೇ ಇಲ್ಲ.

ನನಗೆ ಹತ್ತಿರವಾದ ಜನಪದ ಇರೋದು ಹೊಲದಲ್ಲಿ. ಪಕ್ಕದ ಮನೆಯ ರೈತರ ಹುಲ್ಲುಗಾವಲಿನ ನಡುವೆ ಒಂಟಿ ಹಾಥಾರ್ನ್ ಗಿಡವಿದೆ, ಮೈಯೆಲ್ಲ ಮುಳ್ಳು. ಹುಲ್ಲು ಕೊಯ್ಯುವಾಗ ಅವರ ಟ್ರ್ಯಾಕ್ಟರ್ ಅದನ್ನು ಸುತ್ತುಹಾಕಿ ಹೋಗುತ್ತದೆ. ಒಂದು ರೆಂಬೆಯನ್ನೂ ಮುರಿಯೋದಿಲ್ಲ, ಅದು 'ಅವರದ್ದು', ಅಂದರೆ ಇಲ್ಲಿನ ಕಥೆಗಳ ಫೇರಿಗಳದ್ದು. ಹೆಸರು ಹೇಳದೆ 'ಒಳ್ಳೆ ಜನ' ಎನ್ನುತ್ತಾರೆ. ನನ್ನ ಅಜ್ಜಿಯೂ ನಾಗರಹಾವನ್ನು 'ಒಳ್ಳೆ ಹಾವು' ಎಂದೇ ಕರೆಯುತ್ತಿದ್ದರು. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್‌ನಲ್ಲಿ ಹೊಸ ರಸ್ತೆಗೆ ಇಂಥದೊಂದು ಗಿಡ ಅಡ್ಡ ಬಂದಿತ್ತು. ಕಥೆಗಾರ ಎಡ್ಡಿ ಲೆನಿಹನ್ ಕಡಿಯಬೇಡಿ ಎಂದು ಹಟ ಹಿಡಿದರು. ಗಿಡ ಉಳಿಯಿತು.

ಕಳೆದ ಮೇ ತಿಂಗಳಲ್ಲಿ ಅಮ್ಮ ಊರಿಂದ ಬಂದಿದ್ದಾಗ ಪಕ್ಕದ ಹೊಲದ ಗಿಡ ತೋರಿಸಿದೆ. ಬಿಳಿ ಹೂವು ತುಂಬಿಕೊಂಡಿತ್ತು. ವಿಷಯ ಹೇಳಿದ್ದೇ ತಡ, ಅಮ್ಮ ಒದ್ದೆ ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ಕೈಮುಗಿದರು.